ಕರೆಂಟು ಹೋದದ್ದು ಮಾತ್ರ ನಿಜ

ನಾರಿಸ್ ಸಗ್ಡನ್‌ನಷ್ಟು ಸುಳ್ಳು ಹೇಳಿದ ಮನುಷ್ಯ ನಮ್ಮ ಗಿರಣಿ ಊರು ಹ್ಯಾಲಿಫ್ಯಾಕ್ಸಿನಲ್ಲಿ ಇನ್ನೊಬ್ಬನಿಲ್ಲ. ಹಾಗಂತ ಅವನನ್ನು ಸುಳ್ಳುಗಾರ ಅಂತ ಯಾರಾದರೂ ಆಡಿಕೊಂಡರೆ ಅವರ ಬಾಯಿಗೆ ಬೀಗ ಜಡಿಯಬೇಕು ಅನ್ನಿಸುತ್ತದೆ. ತನಗೆ ಲಾಭವಾಗಲಿ ಅಂತ ಒಂದು ಸುಳ್ಳನ್ನೂ ಹೇಳಿದವನಲ್ಲ ಪುಣ್ಯಾತ್ಮ. ಹಾಗೆ ಹೇಳುವುದಕ್ಕೆ ಬಂದಿದ್ದರೆ ಇಷ್ಟು ಹೊತ್ತಿಗೆ ಲೀಡ್ಸಿನಲ್ಲಿ ದೊಡ್ಡ ಆಫೀಸು ಹಾಕಿಕೊಂಡು ಕೂತಿರುತ್ತಿದ್ದ.

ಉಣ್ಣೆ ನೂಲಿನ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ, ಒಂದು ಫೋನು, ಗೋಡೆ ತುಂಬ ಹಲ್ಲು ಕಿರಿದು ನಿಂತವರ ಫೋಟೋ. ಅದೇ ಅವನ ಆಫೀಸು. ಗಿರಣಿ, ಗಣಿ ಕೆಲಸಗಾರರ ಕ್ಲಬ್ಬುಗಳಿಗೆ ಕಲಾವಿದರನ್ನು ಕಳಿಸುವುದು ಅವನ ಕೆಲಸ. ಶನಿವಾರ ಸಂಜೆ ಬಿಯರು, ಮಾಂಸ ತುಂಬಿದ ಪೈ, ನಂಬರು ಕೂಗುವ ಬಿಂಗೊ ಆಟ. ಅದರ ನಡುವೆ ವೇದಿಕೆಯ ಮೇಲೆ ಯಾರಾದರೂ ಹಾಡಬೇಕು, ಇಲ್ಲ ನಗಿಸಬೇಕು. ಬಿಂಗೊಗೆ ಮುಂಚೆ ಒಂದು ಸರದಿ, ಆಮೇಲೆ ಒಂದು ಸರದಿ. ಒಳ್ಳೊಳ್ಳೆಯ ಗಾಯಕರು, ಹಾಸ್ಯದವರು ಬೇರೆ ಏಜೆಂಟರ ಹತ್ತಿರ ಹೋಗುತ್ತಿದ್ದರು. ನಾರಿಸ್‌ನ ಮೆಟ್ಟಿಲು ಹತ್ತುತ್ತಿದ್ದವರು ಉಳಿದವರು: ಗರಗಸದ ಮೇಲೆ ಕಮಾನು ಎಳೆದು ದೇವರ ಹಾಡು ನುಡಿಸುವ ಅಜ್ಜಿ, ಹುಬ್ಬು ಸುಟ್ಟುಕೊಂಡ ಮೇಲೆ ಬೆಂಕಿ ಕಂಡರೆ ಹೆದರುವ ಬೆಂಕಿ ನುಂಗುವವ, ಕಾಗದ ಹರಿದು ಮೊಲ ಮಾಡುತ್ತೇನೆಂದು ಹೊರಟು ಯಾವಾಗಲೂ ಆನೆ ಮಾಡುವವ. ನಾರಿಸ್ ಯಾರಿಗೂ ಇಲ್ಲ ಅಂದವನಲ್ಲ.

ಮೊದಲ ಸರದಿ ಕೆಟ್ಟರೆ ಕ್ಲಬ್ಬಿನ ಸೆಕ್ರೆಟರಿ ಹಿಂದಿನ ಕೋಣೆಗೆ ಬರುತ್ತಾನೆ. ಖಾಲಿ ಬಾಟಲಿಯ ಪೆಟ್ಟಿಗೆಗಳ ನಡುವೆ ಬೆವರು ಒರೆಸಿಕೊಳ್ಳುತ್ತಾ ಕೂತ ಕಲಾವಿದನಿಗೆ "ಇನ್ನೊಂದ್ ಸರದಿ ಬೇಡಪ್ಪ, ನೀನು ಹೊರಡು" ಅಂತ ಮುಖಕ್ಕೇ ಹೇಳಿ ಕಳಿಸುತ್ತಾನೆ. ಇದಕ್ಕೆ ನಮ್ಮಲ್ಲಿ ಚುಕ್ತಾ ಮಾಡುವುದು ಅನ್ನುತ್ತಾರೆ. ಹಾಗೆ ಚುಕ್ತಾ ಮಾಡಿಸಿಕೊಂಡು, ಮಳೆಯಲ್ಲಿ ಪೆಟ್ಟಿಗೆ ಹೊತ್ತು ಬಸ್ಸಿಗೆ ಕಾದು ನಿಂತ ಗಂಡಸರು ಅತ್ತದ್ದುಂಟು.

ನಾರಿಸ್‌ಗೂ ಅದು ಆಗಿತ್ತು. ಹರೆಯದಲ್ಲಿ ಅವನು ಅಕಾರ್ಡಿಯನ್ ನುಡಿಸುತ್ತಿದ್ದ. ಮೊದಲನೇ ಸಲ ವೇದಿಕೆ ಹತ್ತಿದ ದಿನ, ಎರಡನೇ ಹಾಡು ಅರ್ಧ ಆಗುವಷ್ಟರಲ್ಲಿ ಸೆಕ್ರೆಟರಿ ಪಕ್ಕಕ್ಕೆ ಬಂದು ಮೈಕು ಕಿತ್ತುಕೊಂಡ. "ಈ ಹುಡುಗ ಮನೆಗೆ ಹೋಗ್ತಾನೆ. ನಿಮಗೆ ತೊಂದ್ರೆ ಆಗಿದ್ದಕ್ಕೆ ಕ್ಷಮೆ ಇರ್ಲಿ. ಪೈ ಬಂದಿವೆ, ಬಿಸಿಯಾಗಿವೆ" ಅಂದ. ಜನ ಜೋರಾಗಿ ಚಪ್ಪಾಳೆ ತಟ್ಟಿದರು, ಪೈಗೆ. ನಾರಿಸ್ ಅಕಾರ್ಡಿಯನ್ ಮಾರಿಬಿಟ್ಟ. ಏಜೆಂಟನಾದ ಮೇಲೆ ಒಂದು ಕಟ್ಟಳೆ ಮಾಡಿಕೊಂಡ. ತನ್ನವರನ್ನು ಚುಕ್ತಾ ಮಾಡುವುದಿದ್ದರೆ ಸೆಕ್ರೆಟರಿ ಬಂದು ತನಗೆ ಹೇಳಬೇಕು, ಒಳಗಿರುವವರಿಗೆ ತಾನೇ ಹೇಳಬೇಕು. ಅದಕ್ಕೇ ಪ್ರತಿ ಶನಿವಾರ ತನ್ನ ಹಳೇ ಕಾರಿನಲ್ಲಿ ಅವರನ್ನು ತಾನೇ ಕರೆದುಕೊಂಡು ಹೋಗುತ್ತಿದ್ದ. ಎರಡನೇ ಸರದಿ ಯಾಕಿಲ್ಲ ಅಂತ ಒಳಗೆ ಹೋಗಿ ಏನು ಹೇಳುತ್ತಿದ್ದ? ಬಾಯ್ಲರು ಒಡೆದಿದೆ. ಮದುವೆ ದಿಬ್ಬಣದವರು ಹೊಡೆದಾಡಿಕೊಂಡಿದ್ದಾರೆ. ಸೆಕ್ರೆಟರಿಯ ಅತ್ತೆ ತೀರಿಕೊಂಡಿದ್ದಾಳೆ.

ಈ ಸುಳ್ಳುಗಳನ್ನು ಎಲ್ಲರಿಗಿಂತ ಹೆಚ್ಚು ಉಂಡವನು ಲೂಥರ್ ಹಾಯ್ಲ್.

ಲೂಥರ್ ರತ್ನಗಂಬಳಿ ಗಿರಣಿಯಲ್ಲಿ ಮಗ್ಗದವನು. ಉದ್ದ ಆಳು, ಮಾತು ಕಡಿಮೆ. ಒಬ್ಬರ ಮಾತು ಒಬ್ಬರಿಗೆ ಕೇಳದಂಥ ಆ ಗದ್ದಲದಿಂದ ಹೊರಗೆ ಬಂದವನೇ ಬೆಟ್ಟದ ಬಯಲಿಗೆ ಹೋಗಿ ಕೂರುತ್ತಿದ್ದ. ಅಲ್ಲಿ ಹಕ್ಕಿಗಳ ದನಿ ಕಲಿತ. ಬೆರಳು ಬೇಡ, ಪೀಪಿ ಬೇಡ, ಬರೀ ತುಟಿ. ಕಣ್ಣು ಮುಚ್ಚಿ ಕೇಳಿದರೆ ಹಕ್ಕಿಯೇ ಸೈ. ಆದರೆ ಕ್ಲಬ್ಬಿನಲ್ಲಿ ಕಣ್ಣು ಮುಚ್ಚುವವರು ಯಾರು ಸ್ವಾಮಿ? ಬಿಂಗೊಗೆ ಕಾಯುತ್ತಾ ಕೂತ ಇನ್ನೂರು ಜನ, ಹೊಗೆ, ಗ್ಲಾಸುಗಳ ಸದ್ದು. ಇವನೋ ಮೈಕಿನ ಮುಂದೆ ನಿಂತು, ಬ್ಲ್ಯಾಕ್‌ಬರ್ಡ್ ಎಂಥ ಪೊದೆಯಲ್ಲಿ ಗೂಡು ಕಟ್ಟುತ್ತದೆ ಅಂತ ಮೆಲ್ಲಗೆ ವಿವರಿಸಿ, ಆಮೇಲೆ ಶಿಳ್ಳೆ ಹಾಕುತ್ತಿದ್ದ. "ಯಾರಾದ್ರೂ ಕಿಟಕಿ ತೆಗೀರಪ್ಪ, ಪಾಪ ಹಾರಿ ಹೋಗ್ಲಿ" ಅಂತ ಹಿಂದಿನಿಂದ ಒಬ್ಬ. "ನಮ್ಮನೆ ಬೆಕ್ಕು ತರ್ಲಾ?" ಅಂತ ಇನ್ನೊಬ್ಬ. ಲೂಥರ್‌ನ ಕಿವಿ ಮಗ್ಗದ ಸದ್ದಿಗೆ ಅರ್ಧ ಹೋಗಿತ್ತು, ದೂರದ ಮಾತು ಅವನಿಗೆ ಕೇಳುತ್ತಿರಲಿಲ್ಲ. ಅಲ್ಲಿಗೆ ಸರಿಹೋಯಿತು ನೋಡಿ. ಜನ ಏನಂದರು ಅಂತ ನಾರಿಸ್ ಹೇಳಿದ್ದೇ ಅವನಿಗೆ ವೇದವಾಕ್ಯ.

ಒಂದು ಸಂಜೆ ಮಾತ್ರ ಬೇರೆ ಥರ ಆಯಿತು. ಆ ಚಳಿಗಾಲ ಕಲ್ಲಿದ್ದಲು ಗಣಿಯವರ ಮುಷ್ಕರ, ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ತೆಗೆಯುತ್ತಿದ್ದರು. ಪಕ್ಕದೂರು ಎಲಂಡಿನ ಕ್ಲಬ್ಬಿನಲ್ಲಿ ಲೂಥರ್ ಬಾಯಿ ತೆರೆಯುವಷ್ಟರಲ್ಲಿ ದೀಪ ಹೋಯಿತು, ಮೈಕೂ ಸತ್ತಿತು. ಕಗ್ಗತ್ತಲೆ. ಅವನು ವಿವರಣೆ ಬಿಟ್ಟು ಸುಮ್ಮನೆ ಶಿಳ್ಳೆ ಶುರು ಮಾಡಿದ. ಮೊದಲು ಬ್ಲ್ಯಾಕ್‌ಬರ್ಡ್, ಆಮೇಲೆ ಲಾರ್ಕ್ ಹಕ್ಕಿ, ಮೇಲೆ ಮೇಲೆ ಏರುತ್ತಾ. ಒಬ್ಬರೂ ಕೆಮ್ಮಲಿಲ್ಲ, ಒಬ್ಬರೂ ಗ್ಲಾಸು ಇಡಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ನಾರಿಸ್ ಕತ್ತಲಲ್ಲಿ ಕಣ್ಣು ಒರೆಸಿಕೊಂಡ. ದೀಪ ಬಂದಾಗ ನೋಡಿದರೆ ಜನರ ಬೆರಳಲ್ಲಿ ಸಿಗರೇಟುಗಳು ಸೇದದೇ ಉರಿದು ಉದ್ದುದ್ದ ಬೂದಿಯಾಗಿದ್ದವು. ಆ ಕ್ಲಬ್ಬಿನ ಸೆಕ್ರೆಟರಿ ಸ್ಟ್ಯಾನ್ಲಿ ಕ್ರಾಬ್‌ಟ್ರೀ, ಕಸಾಯಿ ಅಂಗಡಿಯವನು, ಎತ್ತಿನಂಥ ಆಳು, ಕೋಟಿನ ತೋಳಿನಲ್ಲಿ ಮೂಗು ಒರೆಸಿಕೊಂಡ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಣ್ಣಲ್ಲಿ ನೀರು ಬಂದದ್ದನ್ನು ಪಕ್ಕದವನು ನೋಡಿಬಿಟ್ಟನೇನೋ ಅಂತ ಎಲ್ಲರಿಗೂ ನಾಚಿಕೆ. ಯಾರೋ "ಬಿಂಗೊ ಯಾವಾಗ?" ಅಂತ ಕೂಗಿದ, ಎಲ್ಲರೂ ಅದಕ್ಕೆ ತಗಲಿಕೊಂಡರು. ಹೊತ್ತಾದದ್ದರಿಂದ ಎರಡನೇ ಸರದಿ ಆಗಲಿಲ್ಲ.

"ನಾನು ಎಲ್ರೂ ಎದ್ದು ಹೋದ್ರು ಅಂದ್ಕೊಂಡೆ ನಾರಿಸ್. ಅಷ್ಟು ಸದ್ದಿಲ್ಲದೆ ಇತ್ತು" ಅಂದ ಲೂಥರ್, ಹಿಂದಿನ ಕೋಣೆಯಲ್ಲಿ ಕೂತು.

"ಯಾರೂ ಹೋಗ್ಲಿಲ್ಲ ಕಣೋ. ಉಸಿರು ಬಿಗಿ ಹಿಡಿದು ಕೇಳಿದ್ರು. ಕರೆಂಟ್ ಹೋಗಿ ಹೊತ್ತಾಗ್ಬಿಡ್ತು, ಅಷ್ಟೇ."

"ಅಯ್ಯೋ ಬಿಡು, ಪ್ರತಿ ಸಲ ಏನಾದ್ರೊಂದು ಅಡ್ಡಿ" ಅಂತ ಲೂಥರ್ ನಕ್ಕ. ಅವನ ಲೆಕ್ಕದಲ್ಲಿ ಬಾಯ್ಲರಿನ ಪಕ್ಕದಲ್ಲಿ, ಅತ್ತೆಯ ಪಕ್ಕದಲ್ಲಿ ಆ ಕರೆಂಟೂ ಹೋಗಿ ಕೂತಿತು.

ಅದಾಗಿ ಎರಡು ತಿಂಗಳಿಗೆ ಲೂಥರ್‌ನ ಹೆಂಡತಿ ಎನಿಡ್ ನಾರಿಸ್‌ನ ಮೆಟ್ಟಿಲು ಹತ್ತಿ ಬಂದಳು. ಶುಂಠಿ ಕೇಕು ತಂದಿದ್ದಳು, ಆದರೆ ಕೂರಲಿಲ್ಲ.

"ನನ್ ಗಂಡನಿಗೆ ತಲೆ ಕೆಟ್ಟಿದೆ. ಕೆಡ್ಸಿದ್ದು ನೀನು."

"ಏನಾಯ್ತಮ್ಮಾ?"

"ಗಿರಣಿ ಬಿಡ್ತಾನಂತೆ! ಬ್ಲ್ಯಾಕ್‌ಪೂಲಿನ ಸಮುದ್ರದ ದಂಡೇಲಿ ನಿಂತು ಬೇಸಿಗೆ ಪೂರ್ತಿ ಶಿಳ್ಳೆ ಹೊಡೀತಾನಂತೆ. ಪಿಂಚಣಿಗೆ ಇನ್ನೆರಡೇ ವರ್ಷ ಇದೆ ನಾರಿಸ್. ಈಗ ಬಿಟ್ರೆ ಜೀವಮಾನ ದುಡಿದದ್ದೆಲ್ಲ ನೀರುಪಾಲು. ‘ಜನಕ್ಕೆ ನಾನಂದ್ರೆ ಇಷ್ಟ ಎನಿಡ್, ಬರೀ ನಸೀಬು ಅಡ್ಡ ಬಂತು’ ಅಂತಾನೆ."

ನಾರಿಸ್ ಕೇಕಿನ ಪೊಟ್ಟಣವನ್ನೇ ನೋಡುತ್ತಿದ್ದ. "ನಿಂಗೆ ಗೊತ್ತಿತ್ತಾ?"

"ಒಬ್ಬ ಸೆಕ್ರೆಟರಿಗೆ ಎಷ್ಟು ಜನ ಅತ್ತೇರು ಇರ್ತಾರೆ? ನಾನೇನು ಪೆದ್ದಿನಾ?"

"ಮತ್ತೆ ನೀನೇ ಹೇಳ್ಬಾರ್ದಿತ್ತಾ?"

"ಹೆಂಡ್ತಿ ಮಾತು ಯಾವ ಗಂಡಸಿನ ಕಿವಿಗೆ ಹೋಗತ್ತೆ? ಅವನು ನಂಬೋದು ನಿನ್ನೊಬ್ಬನ್ನೇ. ನೀನೇ ಹೇಳ್ಬೇಕು." ಸ್ವಲ್ಪ ದನಿ ತಗ್ಗಿಸಿದಳು. "ಮನೇಲಿ ಶಿಳ್ಳೆ ಹಾಕ್ಲಿ, ನಂಗೆ ಬೇಜಾರಿಲ್ಲ. ಬೆಳಗ್ಗೆ ಗಡ್ಡ ಹೆರ್ಕೊಳ್ವಾಗ ಅವನು ಶುರು ಹಚ್ಕೊಂಡ ಅಂದ್ರೇನೇ ನಾನು ಟೀಗೆ ನೀರಿಡೋದು. ಕೆಲ್ಸ ಒಂದು ಬಿಡದಂಗೆ ಮಾಡು ಮಾರಾಯ. ಕಾಲಿಗೆ ಬೀಳ್ತೀನಿ ಬೇಕಾದ್ರೆ."

"ಹೇಳ್ತೀನಿ" ಅಂದ ನಾರಿಸ್. ನಿಜವಾಗಿಯೂ ಹೇಳಬೇಕು ಅಂತಲೇ ಇತ್ತು ಅವನಿಗೆ.

ಮಾರನೇ ದಿನ ಲೂಥರ್‌ನನ್ನು ಮೀನು ಕರಿದು ಕೊಡುವ ಹೋಟೆಲಿಗೆ ಕರೆದುಕೊಂಡು ಹೋದ. ಬಟಾಣಿ ತಣ್ಣಗಾಯಿತು, ಟೀ ತಣ್ಣಗಾಯಿತು, ನಾರಿಸ್‌ನ ಬಾಯಿಂದ ಹೊರಟದ್ದು ಹವಾಮಾನದ ಸುದ್ದಿ ಮಾತ್ರ. ಎದುರಿಗೆ ಲೂಥರ್ ಅಷ್ಟು ಖುಷಿಯಾಗಿ ಕೂತಿದ್ದ. "ಮುಂದಿನ ಭಾನುವಾರ ಎಲಂಡಲ್ಲಿ ಸೆಕ್ರೆಟರಿಗಳ ಸಭೆ ಅಲ್ವಾ? ನನ್ನ ಹೆಸ್ರೂ ಹಾಕು ನಾರಿಸ್. ಎಲ್ರೂ ಒಟ್ಟಿಗೆ ಒಂದ್ಸಲ ನೋಡಿಬಿಡ್ಲಿ."

ವರ್ಷಕ್ಕೊಮ್ಮೆ ಸುತ್ತಮುತ್ತಲಿನ ಕ್ಲಬ್ಬುಗಳ ಸೆಕ್ರೆಟರಿಗಳೆಲ್ಲ ಭಾನುವಾರ ಮಧ್ಯಾಹ್ನ ಒಂದೆಡೆ ಕೂಡುತ್ತಾರೆ. ಕಲಾವಿದರು ಒಬ್ಬೊಬ್ಬರಾಗಿ ಬಂದು ಸ್ವಲ್ಪ ಸ್ವಲ್ಪ ಮಾಡಿ ತೋರಿಸುತ್ತಾರೆ. ಬೇಕಾದವರನ್ನು ಅವರು ಅಲ್ಲೇ ಗೊತ್ತು ಮಾಡಿಕೊಳ್ಳುತ್ತಾರೆ. ಆ ದಿನ ಸೆಕ್ರೆಟರಿಗಳು ಕೈ ಕಟ್ಟಿಕೊಂಡು ಕೂರುತ್ತಾರೆಯೇ ಹೊರತು ಚಪ್ಪಾಳೆ ತಟ್ಟುವುದಿಲ್ಲ. ತಟ್ಟಿದರೆ ಕಲಾವಿದನಿಗೆ ಕೊಂಬು ಬಂದು ದರ ಏರಿಸುತ್ತಾನೆ ಅಂತ ಭಯ. ದೇವಲೋಕದ ಗಂಧರ್ವ ಬಂದು ಹಾಡಿದರೂ ಅಲ್ಲಿ ಚಪ್ಪಾಳೆಯಿಲ್ಲ.

ನಾರಿಸ್‌ಗೆ ದಾರಿ ಸಿಕ್ಕಿದ ಹಾಗಾಯಿತು. ತಾನು ಹೇಳುವುದೇ ಬೇಡ. ಆ ಕಲ್ಲು ಮುಖಗಳ ಮುಂದೆ ಲೂಥರ್ ನಿಲ್ಲಲಿ. ಯಾರೂ ಗೊತ್ತು ಮಾಡಿಕೊಳ್ಳುವುದಿಲ್ಲ, ಅವನಿಗೇ ಅರ್ಥವಾಗುತ್ತದೆ. ಪಾಪ, ಒಂದು ದಿನ ನೊಂದುಕೊಂಡು ಸೋಮವಾರ ಮಗ್ಗಕ್ಕೆ ಹೋಗುತ್ತಾನೆ. ಹಾಗೆ ಲೆಕ್ಕ ಹಾಕಿ ಅವನ ಹೆಸರು ಹಾಕಿದ.

ಭಾನುವಾರ ಲೂಥರ್ ಹೊಸ ಸೂಟು ಹಾಕಿಕೊಂಡು ಬಂದ. ಎನಿಡ್ ಇಸ್ತ್ರಿ ಮಾಡಿದ್ದಳು, ಕೋಪದಲ್ಲಿ ಒತ್ತಿ ಒತ್ತಿ. ಪ್ಯಾಂಟಿನ ಮಡಿಕೆ ಚಾಕುವಿನ ಹಾಗಿತ್ತು. ವೇದಿಕೆಯ ಪಕ್ಕದಲ್ಲಿ ನಿಂತು ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದ ಅವನನ್ನು ನೋಡಿ ನಾರಿಸ್‌ನ ಲೆಕ್ಕವೆಲ್ಲ ಕರಗಿಹೋಯಿತು. ಅಷ್ಟೊಂದು ಕಟ್ಟಿದ ಕೈಗಳ ಮುಂದೆ ಇವನು ಒಬ್ಬನೇ. ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಅಕಾರ್ಡಿಯನ್ ಹಿಡಿದು ನಿಂತದ್ದು ನೆನಪಾಯಿತು. ಹಾಳು ಹೃದಯ! ಅದೊಂದನ್ನು ಆ ದಿನ ಮನೆಯಲ್ಲಿ ಬಿಟ್ಟು ಬಂದಿದ್ದರೆ ಆಗುತ್ತಿತ್ತು. ಬಾರಿನ ಹತ್ತಿರ ನಿಂತಿದ್ದ ಕ್ರಾಬ್‌ಟ್ರೀಯ ತೋಳು ಹಿಡಿದ.

"ಸ್ಟ್ಯಾನ್ಲಿ, ಇವನೊಬ್ಬನಿಗೆ... ಎರಡು ಚಪ್ಪಾಳೆ. ಬರೀ ಮರ್ಯಾದೆಗೆ ಕಣೋ. ತೀರಾ ಬರಿಗೈಲಿ ಇಳಿಯೋದು ಬೇಡ."

"ಇವತ್ತು ಚಪ್ಪಾಳೆನಾ? ನಿಂಗೇನ್ ಹುಚ್ಚಾ?"

"ಬೇಡ್ಕೋತೀನಿ."

ಕ್ರಾಬ್‌ಟ್ರೀ ಅವನ ಮುಖ ನೋಡಿದ. ನಾರಿಸ್ ತನ್ನ ಕಷ್ಟಕ್ಕೆ ಅಂತ ಯಾವತ್ತೂ ಯಾರನ್ನೂ ಏನೂ ಕೇಳಿದವನಲ್ಲ. ಕ್ರಿಸ್ಮಸ್ಸಿಗೆ ಗಾಯಕಿ ಕೈಕೊಟ್ಟಾಗ ಹಿಮದಲ್ಲಿ ಕಾರು ತಳ್ಳಿಕೊಂಡು ಗರಗಸದ ಅಜ್ಜಿಯನ್ನು ಕರೆತಂದವನು. ಆ ಸಾಲಿನಲ್ಲಿ ಕೂತ ಪ್ರತಿಯೊಬ್ಬನಿಗೂ ಹೀಗೆ ಏನಾದರೊಂದು ಮಾಡಿದ್ದ. ಕ್ರಾಬ್‌ಟ್ರೀ ಸಾಲಿನಿಂದ ಸಾಲಿಗೆ ಬಗ್ಗಿ ಪಿಸುಗುಟ್ಟುತ್ತಾ ಹೋದ: "ಇವನು ಮುಗಿಸಿದ್ಮೇಲೆ ತಟ್ರೋ. ನಾರಿಸ್‌ಗೋಸ್ಕರ."

ತಟ್ಟಿದರು. ಅಯ್ಯೋ, ತಟ್ಟಿದ್ದೇ ತಟ್ಟಿದ್ದು! ಕ್ರಾಬ್‌ಟ್ರೀ ಮೊದಲು ಎದ್ದು ನಿಂತ, ಅವನ ಹಿಂದೆ ಸಭೆಗೆ ಸಭೆಯೇ ಎದ್ದು ನಿಂತಿತು. ಒಬ್ಬ ಕುರ್ಚಿಯ ಮೇಲೆ ಹತ್ತಿ "ಭಲೇ" ಅಂದ. ಗೆಳೆಯನಿಗೆ ಉಪಕಾರ ಮಾಡುತ್ತಿದ್ದೇವೆ ಅಂತ ಎಲ್ಲರ ಮುಖದಲ್ಲೂ ಹೆಮ್ಮೆ. ವೇದಿಕೆಯ ಮೇಲೆ ಲೂಥರ್ ಬಿಳಿಚಿಕೊಂಡು ನಿಂತಿದ್ದ. ಇಂಥ ದಿನ ಚಪ್ಪಾಳೆ ಬೀಳುವುದಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತಲ್ಲ. ಹಿಂದೆ ಗೋಡೆಗೆ ಒರಗಿದ ನಾರಿಸ್ ತಲೆಯ ಮೇಲೆ ಕೈ ಹೊತ್ತುಕೊಂಡ.

ಒಬ್ಬನೂ ಲೂಥರ್‌ನನ್ನು ಗೊತ್ತು ಮಾಡಿಕೊಳ್ಳಲಿಲ್ಲ. ಲೂಥರ್ ಅದನ್ನು ಗಮನಿಸಲೂ ಇಲ್ಲ.

ವಾಪಸ್ಸು ಬರುವಾಗ ಕಾರಿನಲ್ಲಿ ಅವನು ಸೀಟಿನ ತುದಿಗೆ ಕೂತಿದ್ದ. "ಸೆಕ್ರೆಟರಿಗಳು ಎದ್ದು ನಿಂತ್ರು ನಾರಿಸ್! ಸೆಕ್ರೆಟರಿಗಳು! ನಾಳೆ ಬೆಳಗ್ಗೆ ಹೋದವನೇ ಮೇಸ್ತ್ರಿ ಕೈಗೆ ರಾಜೀನಾಮೆ ಕೊಟ್ಬಿಡ್ತೀನಿ. ಎನಿಡ್‌ಗೆ ನೀನೇ ಹೇಳು, ನೀನು ಹೇಳಿದ್ರೆ ಅವಳು ಕೇಳ್ತಾಳೆ."

ಏರಿನ ನಡುವೆ ನಾರಿಸ್ ಕಾರು ನಿಲ್ಲಿಸಿದ. ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆದು ಬೈದುಕೊಂಡು ಪಕ್ಕದಲ್ಲಿ ಹೋದ.

"ಲೂಥರ್, ಚಪ್ಪಾಳೆ ನಾನು ತಟ್ಸಿದ್ದು."

"ಏನು?"

"ಕ್ರಾಬ್‌ಟ್ರೀ ಹತ್ರ ಬೇಡ್ಕೊಂಡೆ. ನಿನ್ನ ಯಾರೂ ಕರೆಯಲ್ಲ ಕಣೋ. ಯಾರಿಗೂ... ಯಾರಿಗೂ ಹಿಡಿಸಿಲ್ಲ. ಕೆಲ್ಸ ಬಿಡ್ಬೇಡ."

ಲೂಥರ್ ಮುಂದಿನ ಗಾಜಿನ ಕಡೆ ತಿರುಗಿದ. ಆಮೇಲೆ ಮೆಲ್ಲಗೆ ಕೇಳಿದ, ಲೆಕ್ಕದ ತಪ್ಪು ಹುಡುಕುವವನ ಹಾಗೆ. "ಟಾಡ್‌ಮೋರ್ಡನ್‌ನಲ್ಲಿ ಬಾಯ್ಲರ್ ಒಡೀತಲ್ಲ?"

"ಒಡೀಲಿಲ್ಲ."

"ಬ್ರಿಗ್‌ಹೌಸಿನ ಮದುವೆಯವರ ಜಗಳ?"

"ಮದುವೇನೇ ಇರ್ಲಿಲ್ಲ."

"ಅತ್ತೆ?"

"ಗಟ್ಟಿಮುಟ್ಟಾಗಿದ್ದಾಳೆ."

"ಹೂಂ." ಲೂಥರ್ ಹೊಸ ಕೋಟಿನ ಗುಂಡಿ ಬಿಚ್ಚಿದ, ಮತ್ತೆ ಹಾಕಿದ. "ಅಂದ್ರೆ ಎಲಂಡಿನ ಕರೆಂಟೂ..."

"ಇಲ್ಲ ಇಲ್ಲ, ಅದು ನಿಜ!" ನಾರಿಸ್ ಅವನ ಕಡೆ ಪೂರ್ತಿ ತಿರುಗಿದ. "ಅದೊಂದು ನಿಜ ಕಣೋ ಲೂಥರ್! ಅವತ್ತು ಒಬ್ಬರೂ ಅಲ್ಲಾಡ್ಲಿಲ್ಲ. ಸಿಗರೇಟು ಬೆರಳಲ್ಲೇ ಉರಿದುಹೋಗಿದ್ವು. ಕ್ರಾಬ್‌ಟ್ರೀ ಅತ್ತ. ನಾನೂ ಅತ್ಬಿಟ್ಟೆ. ಅಂಥದ್ದು ನನ್ನ ಜನ್ಮದಲ್ಲಿ ಕೇಳಿಲ್ಲ."

ಲೂಥರ್ ಅವನ ಮುಖವನ್ನು ನೋಡಿದ. ಸಿಟ್ಟಿರಲಿಲ್ಲ, ಅದೇ ಕಷ್ಟ. "ಅವತ್ತು ಯಾರೂ ಚಪ್ಪಾಳೆ ತಟ್ಲಿಲ್ಲ ನಾರಿಸ್. ನಾನು ಅಲ್ಲೇ ಇದ್ದೆ."

"ನಾಚ್ಕೊಂಡ್ರು ಕಣೋ!"

"ಬಿಡು" ಅಂದ ಲೂಥರ್. "ಸಾಕು. ನೀನು ಒಳ್ಳೆಯವನು."

ಸೋಮವಾರ ಅವನು ಎಂದಿನ ಹಾಗೆ ಮಗ್ಗಕ್ಕೆ ಹೋದ. ರಾಜೀನಾಮೆಯ ಮಾತೇ ಇಲ್ಲ. ಪಿಂಚಣಿ ಉಳಿಯಿತು. ನಾರಿಸ್ ಗೆದ್ದ ಅಂತಲೇ ಅಂದುಕೊಳ್ಳಬೇಕು.

ಆಮೇಲೆ ಒಂದು ದಿನ ಎನಿಡ್ ಮತ್ತೆ ಬಂದಳು. ಈ ಸಲ ಕೇಕು ತಂದಿರಲಿಲ್ಲ, ಬಂದವಳೇ ಕೂತಳು.

"ಉಪಕಾರ ಆಯ್ತು ನಾರಿಸ್. ನಾನೇ ಕೇಳಿದ್ದು, ನಿನ್ನ ಬೈಯೋ ಹಾಗಿಲ್ಲ." ಕೈಚೀಲದ ಹಿಡಿ ತಿರುಚುತ್ತಿದ್ದಳು. "ಶಿಳ್ಳೆ ನಿಲ್ಲಿಸಿಬಿಟ್ಟಿದಾನೆ. ಗಡ್ಡ ಹೆರ್ಕೋತಾನೆ, ಸುಮ್ಮನೆ. ನೀರಿನ ಸದ್ದು ಮಾತ್ರ. ಟೀಗೆ ಯಾವಾಗ ಇಡ್ಬೇಕು ಅಂತ ನಂಗೆ ತಿಳಿಯಲ್ಲ. ಮೊನ್ನೆ ‘ಒಂದು ಲಾರ್ಕ್ ಹಾಕೋ’ ಅಂದೆ. ‘ನಿನ್ನನ್ನೂ ಯಾಕೆ ಕಾಡ್ಲಿ’ ಅಂದ."

ನಾರಿಸ್ ಕುರ್ಚಿ ಎಳೆದುಕೊಂಡು ಅವಳೆದುರು ಕೂತ.

"ಎಲಂಡಲ್ಲಿ ಕರೆಂಟ್ ಹೋದ ದಿನದ್ದು ನಿಜಾನಾ?"

"ದೇವರಾಣೆ."

"ಅದನ್ನ ಅವನಿಗೆ ನಂಬ್ಸು ಮತ್ತೆ. ಅದೊಂದನ್ನ."

ಹೇಗೆ ನಂಬಿಸುವುದು? ನಾರಿಸ್ ಊಟ ಬಿಟ್ಟು ಯೋಚಿಸಿದ. ತನ್ನ ಮಾತು ಇನ್ನು ನಡೆಯುವುದಿಲ್ಲ. ಬೇರೆಯವರು ಹೇಳಬೇಕು, ಅಲ್ಲಿದ್ದವರು. ಇನ್ನೊಂದು ದಾರಿ ಪಾಪದವನಿಗೆ ಹೊಳೆಯಲೇ ಇಲ್ಲ. ಮತ್ತೆ ಹೋಗಿ ಕ್ರಾಬ್‌ಟ್ರೀಯ ತೋಳು ಹಿಡಿದ.

ಶನಿವಾರ ಮಧ್ಯಾಹ್ನ ಕ್ರಾಬ್‌ಟ್ರೀ ಅಂಗಡಿಯ ಏಪ್ರನ್ ಬಿಚ್ಚಿ, ಟೈ ಕಟ್ಟಿಕೊಂಡು ಬಂದ. ನಾರಿಸ್ ಕಾರನ್ನು ಲೂಥರ್‌ನ ಬೀದಿಯ ತಿರುವಿನಲ್ಲಿ, ಲಾಂಡ್ರಿಯ ಪಕ್ಕ ನಿಲ್ಲಿಸಿ ಒಳಗೇ ಕೂತ. ಕ್ರಾಬ್‌ಟ್ರೀ ಬಾಗಿಲು ಬಡಿಯುವುದು ಕಂಡಿತು, ಬಾಗಿಲು ತೆರೆಯುವುದು ಕಂಡಿತು. ಒಳಗೆ ಹೋದ. ಒಳ್ಳೆಯದೇ ಆಯಿತು, ಒಳಗೆ ಕರೆದನಲ್ಲ ಅಂತ ನಾರಿಸ್ ಸ್ಟೀರಿಂಗ್ ಹಿಡಿದುಕೊಂಡು ಕಾದ. ಕಿಟಕಿಯ ಗಾಜು ಇಳಿಸಿದ, ಶಿಳ್ಳೆ ಕೇಳಿದರೆ ಕೇಳಲಿ ಅಂತ.

ಕ್ರಾಬ್‌ಟ್ರೀ ಬಂದು ಕಾರಿನ ಬಾಗಿಲು ತೆಗೆದು ಕೂತಾಗ ಕಾರು ಒಂದು ಕಡೆ ವಾಲಿತು. ಮುಖ ಕೆಂಪಾಗಿತ್ತು.

"ಏನಂದ?"

"ಎಲ್ಲ ಹೇಳಿದೆ ಕಣೋ. ನಾನು ಅತ್ತಿದ್ದೂ ಹೇಳಿದೆ. ನನ್ನ ಹೆಂಡ್ತಿಗೂ ಹೇಳಿಲ್ಲ ಅದನ್ನ."

"ಏನಂದ ಸ್ಟ್ಯಾನ್ಲಿ?"

"‘ನಾರಿಸ್ ಕಳಿಸಿದ್ನಾ?’ ಅಂತ ಕೇಳಿದ. ಇಲ್ಲಪ್ಪ, ನಾನೇ ಬಂದೆ ಅಂದೆ. ಪರದೆ ಸರಿಸಿ, ‘ಅಲ್ಲಿ ತಿರುವಲ್ಲಿ ನಿಂತಿರೋದು ಅವನ ಕಾರಲ್ವಾ?’ ಅಂದ." ಕ್ರಾಬ್‌ಟ್ರೀ ಟೈ ಸಡಿಲ ಮಾಡಿದ. "ಬೈಲಿಲ್ಲ ಕಣೋ, ನನ್ನ ಕೈ ಕುಲುಕಿದ. ‘ಭಾನುವಾರನೂ ಚೆನ್ನಾಗಿ ತಟ್ಟಿದ್ರಿ, ಥ್ಯಾಂಕ್ಸ್’ ಅಂದ. ಟೀ ಕೊಟ್ಟ."

ನಾರಿಸ್ ಮನೆಯ ಕಡೆ ನೋಡಿದ. ಪರದೆ ಇನ್ನೂ ಸ್ವಲ್ಪ ಸರಿದೇ ಇತ್ತು, ಅದರ ಹಿಂದೆ ಉದ್ದನೆಯ ಆಳು ನಿಂತಿದ್ದ. ಅಲ್ಲಿಂದ ಕೈ ಎತ್ತಿ ಬೀಸಿದ, ಕಾರಿನವರು ಸುರಕ್ಷಿತವಾಗಿ ಹೋಗಿ ಬರಲಿ ಅನ್ನುವ ಹಾಗೆ. ನಾರಿಸ್ ಕೂಡ ಕೈ ಬೀಸಿದ.